ಆಗದೇ ಹೋದರೆ ಎಂಬ ಪುಟ

ಅವರ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ವರಾಂಡದ ಕೊನೆಯ ಉಗ್ರಾಣದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೇ ಉತ್ತರಪತ್ರಿಕೆಗಳ ಗಂಟುಗಳನ್ನು ಹೊರಗೆ ಎಳೆದು ಹಾಕುತ್ತಿದ್ದೆ. ಮಧ್ಯಾಹ್ನದೊಳಗೆ ಕೋಣೆ ಖಾಲಿಯಾಗಬೇಕು, ಒಂದು ಮೇಜು ಎರಡು ಕುರ್ಚಿ ಹಾಕಬೇಕು ಎಂದು ಹೆಡ್ ಕ್ಲರ್ಕ್ ಬಾಗಿಲಲ್ಲಿ ನಿಂತು ಅವಸರಪಡಿಸುತ್ತಿದ್ದರು. ಯಾರು ಬರುತ್ತಾರೆ ಎಂದು ಕೇಳಿದೆ.

"ಹೊಸ ಮೇಷ್ಟ್ರುಗಳಿಗೆ ಪ್ರಾಜೆಕ್ಟ್ ಅರ್ಜಿ ಬರೆಯೋದು ಹೇಳ್ಕೊಡೋಕೆ ಒಬ್ಬರು ಬರ್ತಾರಂತೆ" ಎಂದರು. "ಡಾಕ್ಟರೇಟ್ ಮಾಡಿದೋರಿಗೆ ಅರ್ಜಿ ಬರೆಯೋಕೆ ಬರಲ್ಲ ನೋಡಮ್ಮ. ಮುಂದಿನ ವರ್ಷ ಚಪ್ಪಲಿ ಹಾಕ್ಕೊಳ್ಳೋದು ಹೇಳ್ಕೊಡೋಕೆ ಇನ್ನೊಬ್ಬರು ಬರ್ತಾರೆ."

ನಾನೂ ನಕ್ಕೆ. ನಗದೆ ಏನು ಮಾಡಲಿ, ಆಗ ನನಗೂ ಅಷ್ಟೇ ಗೊತ್ತಿದ್ದದ್ದು. ನನ್ನ ಯಜಮಾನರು ವಿಶ್ವವಿದ್ಯಾಲಯದ ವ್ಯಾನು ಓಡಿಸುತ್ತಿದ್ದರು. ಅವರು ಹೋದ ಮೇಲೆ ಕನಿಕರಕ್ಕೆಂದು ನನ್ನನ್ನು ಸಂಶೋಧನಾ ವಿಭಾಗದಲ್ಲಿ ಅಟೆಂಡರ್ ಮಾಡಿದ್ದರು. ಓದಿದ್ದು ಮೂರನೇ ಕ್ಲಾಸು. ಐದು ಕೋಣೆ ತೆಗೆದು ಗುಡಿಸುವುದು, ನೀರು ತುಂಬಿಸುವುದು, ಹನ್ನೊಂದಕ್ಕೂ ನಾಲ್ಕಕ್ಕೂ ಚಹಾ ಕೊಡುವುದು, ಈ ಮೇಜಿನ ಫೈಲನ್ನು ಆ ಮೇಜಿಗೆ ಹೊರುವುದು. ಸಂಶೋಧನೆ ಅಂದರೆ ಏನು ಎಂದು ಯಾರಾದರೂ ಕೇಳಿದ್ದರೆ ಫೈಲು ಎನ್ನುತ್ತಿದ್ದೆ.

ಮಾರನೆಯ ದಿನ ಹತ್ತಕ್ಕೆ ಹತ್ತು ನಿಮಿಷವಿರುವಾಗ ಅವರು ಬಂದರು. ನಲವತ್ತೆರಡು ವರ್ಷವಿರಬಹುದು, ತೆಳ್ಳಗಿನ ಮೈಯ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಕೋಣೆ ನೋಡಿ ಮೂಗು ಮುರಿಯಲಿಲ್ಲ. ಕಿಟಕಿ ತೆಗೆದು ಕೆಳಗಿನ ಸೈಕಲ್ ಸ್ಟ್ಯಾಂಡ್ ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು. ಕಂಡಿತು. "ಒಳ್ಳೇದಾಯ್ತು. ಯಾರ್ಯಾರು ಇಲ್ಲಿ ತನಕ ಬಂದು ನಾಚಿಕೊಂಡು ವಾಪಸ್ ಹೋಗ್ತಾರೆ ಅಂತ ಗೊತ್ತಾಗುತ್ತೆ" ಎಂದರು.

ಅವರು ಹೇಳಿದ ಹಾಗೇ ಆಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳಿಗೆ ಐದು ವರ್ಷದ ಗಡುವು. ಅಷ್ಟರೊಳಗೆ ಹೊರಗಿನ ಅನುದಾನ ಮಂಡಳಿಯಿಂದ ಒಂದು ಪ್ರಾಜೆಕ್ಟ್ ತರಬೇಕು, ತರದಿದ್ದರೆ ಕೆಲಸ ಗಟ್ಟಿಯಾಗುವುದಿಲ್ಲ. ಆದರೆ ಸಹಾಯ ಬೇಕು ಎಂದು ಬಾಯಿಬಿಡುವುದು ಅವರಿಗೆ ಸಾವು. ಸೈಕಲ್ ನಿಲ್ಲಿಸುತ್ತಿದ್ದರು, ಮೇಲೆ ನೋಡುತ್ತಿದ್ದರು, ಹೋಗಿಬಿಡುತ್ತಿದ್ದರು. ಟೀಚರ್, ಹಾಗೆಂದೇ ನಾನು ಅವರನ್ನು ಕರೆಯುತ್ತಿದ್ದದ್ದು, ನನ್ನನ್ನು ಕೆಳಗೆ ಕಳಿಸುತ್ತಿದ್ದರು. ಅಲ್ಲಿ ನಿಂತವರಿಗೆ ಚಹಾ ಆಗಿದೆ ಎಂದು ಹೇಳಿ ಅಂತ. ಚಹಾಕ್ಕೆ ಯಾರೂ ನಾಚಿಕೊಳ್ಳುವುದಿಲ್ಲವಲ್ಲ. ಹೀಗೆ ಒಬ್ಬೊಬ್ಬರಾಗಿ ಬಂದರು, ನಲವತ್ತು ಪುಟ ಐವತ್ತು ಪುಟ ಹೊತ್ತುಕೊಂಡು. ವರ್ಷ ತುಂಬುವುದರೊಳಗೆ ಅವರಿಗೆ 'ಅರ್ಜಿ ಟೀಚರ್' ಎಂಬ ಹೆಸರು ಬಿತ್ತು. ಹೆಸರು ಇಟ್ಟವರು ಹಿರಿಯ ಪ್ರೊಫೆಸರುಗಳು, ಆಡಿಕೊಂಡು ನಗಲಿಕ್ಕೆ. ಟೀಚರ್ ಅದನ್ನೇ ರಟ್ಟಿನ ಮೇಲೆ ಬರೆದು ಬಾಗಿಲಿಗೆ ಅಂಟಿಸಿದರು. ನಗುವವರ ನಗು ಅಲ್ಲಿಗೆ ಸಪ್ಪೆಯಾಯಿತು.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಕಾಗದ ಕೈಗೆ ಕೊಟ್ಟರೆ ಓದುತ್ತಿರಲಿಲ್ಲ, ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು. ಈಗ ಬಾಯಲ್ಲಿ ಹೇಳಿ ಎನ್ನುತ್ತಿದ್ದರು. ಮೊದಲ ಸಲ ನಾನು ಆ ಆಟಕ್ಕೆ ಸಿಕ್ಕಿದ್ದು ಒಬ್ಬ ಹುಡುಗಿ ಬಂದಾಗ. ಲೆಕ್ಚರರ್ ಆಗಿ ಆರು ತಿಂಗಳಾಗಿತ್ತು, ನೀರಿನ ಮೇಲೆ ಓದಿದವಳು. ನಾನು ಟ್ರೇ ಹಿಡಿದು ಒಳಗೆ ಹೋದೆ. ಟೀಚರ್ ನನ್ನನ್ನು ಕೂರಿಸಿದರು. ಆ ಹುಡುಗಿ ಹತ್ತು ನಿಮಿಷ ಪ್ರಪಂಚದ ನೀರು, ಬರುವ ಐವತ್ತು ವರ್ಷ, ದೊಡ್ಡ ದೊಡ್ಡ ಮಾತು ಆಡಿದಳು. ಟೀಚರ್ ನನ್ನ ಕಡೆ ತಿರುಗಿದರು.

"ಅಕ್ಕಾ, ಇವರು ಏನು ಮಾಡ್ತಾರಂತೆ?"

"ನೀರು ಅಂದರು" ಎಂದೆ. "ಆಮೇಲೆ ನನಗೆ ತೂಕಡಿಕೆ ಬಂತು."

ಹುಡುಗಿಯ ಮುಖ ಕೆಂಡವಾಯಿತು. ಅಟೆಂಡರ್ ಕೈಲಿ ಪರೀಕ್ಷೆ ಮಾಡಿಸುತ್ತೀರಾ ಎಂದು ಅವಳು ಕೇಳಲಿಲ್ಲ, ಆದರೆ ಮುಖ ಕೇಳಿತು. ಟೀಚರ್ ಸಮಾಧಾನದಲ್ಲೇ ಹೇಳಿದರು: ಮಂಡಳಿಯಲ್ಲಿ ಇದನ್ನು ಓದುವವರು ದೇವರಲ್ಲ, ಒಂದು ದಿನಕ್ಕೆ ಹದಿನೈದು ಅರ್ಜಿ ಓದಿ ಕಣ್ಣು ಉರಿ ಬಂದ ಮನುಷ್ಯರು, ಅವರಿಗೂ ತೂಕಡಿಕೆ ಬರುತ್ತದೆ. ಅಕ್ಕನಿಗೆ ನಿದ್ದೆ ಬಾರದ ಹಾಗೆ ಹೇಳಿದ ದಿನ ಬರೆಯಲು ಕೂರೋಣ.

ಮೂರು ವಾರ ಹಿಡಿಯಿತು. ಕೊನೆಗೆ ಒಂದು ದಿನ ಅವಳು ನನ್ನನ್ನೇ ನೋಡಿಕೊಂಡು ಹೇಳಿದಳು: ಒಂದೇ ಬೀದಿಯಲ್ಲಿ ಎರಡು ಬಾವಿ. ಒಂದರ ನೀರು ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಇನ್ನೊಂದರ ನೀರು ಕುಡಿದವರಿಗೆ ಏನೂ ಇಲ್ಲ. ನಡುವೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯ ಮಣ್ಣಲ್ಲಿ ಏನಿದೆ ಎಂದು ಹುಡುಕುತ್ತೇನೆ. ನನ್ನ ತಂಗಿಯ ಹಲ್ಲು ನೆನಪಾಯಿತು. ಟೀಚರ್ ಬೋರಲು ಹಾಕಿದ್ದ ಕಾಗದ ತಿರುಗಿಸಿ, "ಇದನ್ನ ಹರಿದು ಹಾಕಿ. ಈಗ ಹೇಳಿದ್ದನ್ನ ಬರೀರಿ" ಎಂದರು.

ಆದರೆ ಅವರು ಯಾರಿಗೂ ಒಂದು ಸಾಲೂ ಬರೆದುಕೊಡುತ್ತಿರಲಿಲ್ಲ. ಪೆನ್ನು ಹಿಡಿಯುವುದು ಗೀಟು ಎಳೆಯಲಿಕ್ಕೆ ಮಾತ್ರ. ಅದರಲ್ಲೂ ಕೊನೆಯ ಒಂದು ಪುಟಕ್ಕೆ ಬಹಳ ಗೋಳಾಡಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು 'ಆಗದೇ ಹೋದರೆ.' ನೀವು ಅಂದುಕೊಂಡದ್ದು ಆಗದೇ ಹೋದರೆ ಏನು ಮಾಡುತ್ತೀರಿ, ಎಲ್ಲಿ ತಪ್ಪಬಹುದು, ತಪ್ಪಿದರೆ ಯಾವ ದಾರಿ? ಓದಿದವರಿಗೆ ಈ ಪ್ರಶ್ನೆ ಕೇಳಿದರೆ ಅವಮಾನ. ಆಗೇ ಆಗುತ್ತದೆ ಎನ್ನುತ್ತಿದ್ದರು. ಹಾಗೆಂದವರ ಅರ್ಜಿ ಟೀಚರ್ ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಆ ಪುಟವನ್ನು ಕದ್ದು ಬರೆಯಲು ಆಗುವುದಿಲ್ಲ, ಯಾಕೆಂದರೆ ಒಬ್ಬೊಬ್ಬರೂ ಅವರವರ ಭಯವನ್ನೇ ಬರೆಯಬೇಕು ಎಂದು ಹೇಳುತ್ತಿದ್ದರು.

ಬಾವಿ ಮೇಡಂಗೆ ಪ್ರಾಜೆಕ್ಟ್ ಸಿಕ್ಕಿತು. ಎರಡು ವರ್ಷಕ್ಕೆ ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿ ಹೊರಟೂ ಹೋದಳು. ಅವಳ ಅರ್ಜಿಯ ಒಂದು ಪ್ರತಿ ಟೀಚರ್ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಉಳಿಯಿತು. ಗೆದ್ದ ಅರ್ಜಿಗಳೆಲ್ಲ ಅಲ್ಲಿದ್ದವು. ಹೊಸಬರು ಅಲ್ಲೇ ಕೂತು ಓದಬಹುದು. ಹೊರಗೆ ಒಯ್ಯುವ ಹಾಗಿಲ್ಲ, ನಕಲು ತೆಗೆಯುವ ಹಾಗಿಲ್ಲ, ಫೋನು ಮೇಜಿನ ಮೇಲೆ ಇಟ್ಟು ಓದಬೇಕು. ಬೀಗದ ಕೈ ಅವರ ಚೀಲದಲ್ಲಿ. ಇನ್ನೊಂದು ಕೈ ಇತ್ತು. ಅದು ಕಚೇರಿಯ ಪಟ್ಟಿಯಲ್ಲಿರಲಿಲ್ಲ. ಯಾವತ್ತೋ ಒಂದು ದಿನ ಅದನ್ನು ನನ್ನ ಗೊಂಚಲಿಗೆ ತಾವೇ ಸೇರಿಸಿ, ನಾನಿಲ್ಲದಾಗ ಬೆಂಕಿ ಗಿಂಕಿ ಹತ್ತಿದರೆ ಮೊದಲು ಈ ಬೀರು ತೆಗೀರಿ ಅಕ್ಕಾ ಎಂದಿದ್ದರು. ಅವರಿಗೂ ನನಗೂ ಬಿಟ್ಟರೆ ಗೊತ್ತಿದ್ದವರು ಯಾರೂ ಇರಲಿಲ್ಲ.

ಆ ಕಟ್ಟುನಿಟ್ಟು ಅವರಿಗೆ ಎಲ್ಲಿಂದ ಬಂತು ಎಂದು ಅವರ ಮನೆಗೆ ಹೋದ ಮೇಲೆ ತಿಳಿಯಿತು. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ತಂದೆ ಮಗಳು ಇಬ್ಬರೇ. ತಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು, ನಲವತ್ತು ವರ್ಷ. ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗುತ್ತಿದ್ದ ಅಚ್ಚುಕೂಟ ಅದು. ಒಳಗೆ ಹೋಗುವಾಗ ಬರುವಾಗ ಜೇಬು ಝಾಡಿಸಿ ತೋರಿಸಬೇಕು. ನಲವತ್ತು ವರ್ಷದಲ್ಲಿ ತನ್ನ ಕೈಯಿಂದ ಒಂದು ಹಾಳೆ ಹೊರಗೆ ಹೋಗಿಲ್ಲ ಎಂದು ಅವರು ನನಗೆ ಅರ್ಧ ಗಂಟೆಯಲ್ಲಿ ಮೂರು ಸಲ ಹೇಳಿದರು. ಹೆಂಡತಿ ಸತ್ತ ವಿಷಯ ಒಂದೇ ಸಲ ಹೇಳಿದರು. ಮಗಳ ಸಂಶೋಧನೆ ನಡುವಿನಲ್ಲೇ ನಿಂತಿತ್ತು, ಮಾರ್ಗದರ್ಶಕರು ನಿವೃತ್ತರಾದರು, ನೋಂದಣಿ ರದ್ದಾಯಿತು. ಆ ಮೇಲೆ ಅಲ್ಲಿ ಇಲ್ಲಿ ಅರೆಕಾಲಿಕ ಪಾಠ. ಆ ಮನುಷ್ಯನಿಗೆ ಉಳಿದಿದ್ದ ಆಸೆ ಒಂದೇ: ಮಗಳ ಕೆಲಸ ಕಾಯಂ ಆಗಿ, ಆದೇಶದ ಕಾಗದದಲ್ಲಿ ಅವಳ ಹೆಸರು ಅಚ್ಚಾಗಿ ಬರಬೇಕು. ನಾನು ಹೋದಾಗೆಲ್ಲ, "ಆರ್ಡರ್ ಬಂತೇನಮ್ಮ? ಬಂದರೂ ಇವಳು ಹೇಳಲ್ಲ" ಎಂದು ನನ್ನನ್ನೇ ಕೇಳುತ್ತಿದ್ದರು.

ಆದೇಶ ಹೇಗೆ ಬರಬೇಕು? ಟೀಚರ್ ವರ್ಷದ ಗುತ್ತಿಗೆಯ ಮೇಲಿದ್ದವರು. ಪ್ರತಿ ವರ್ಷ ಮಾರ್ಚಿ ಕೊನೆಗೆ ಒಂದು ದಿನ ಅವರನ್ನು ಕೆಲಸದಿಂದ ತೆಗೆದು, ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಒಂದೇ ದಿನ. ಸೇವೆ ಸತತವಾಗಿದೆ, ಕಾಯಂ ಮಾಡಿ ಎಂದು ಯಾರೂ ಕೇಳಬಾರದಲ್ಲ, ಅದಕ್ಕೆ. ಕಚೇರಿಯಲ್ಲಿ ಇದಕ್ಕೆ ಬ್ರೇಕ್ ಕೊಡುವುದು ಎನ್ನುತ್ತಿದ್ದರು, ಬಿಸ್ಕತ್ತು ಕೊಟ್ಟ ಹಾಗೆ. ಮಂಡಳಿಯ ಕೊನೆಯ ದಿನಾಂಕವೂ ಅದೇ ವಾರ ಬೀಳುತ್ತಿತ್ತು. ಆದ್ದರಿಂದ ಬ್ರೇಕ್ ದಿನವೂ ಟೀಚರ್ ಬರುತ್ತಿದ್ದರು. ಒಳಗೆ ಕೂರುವ ಅಧಿಕಾರವಿಲ್ಲ ಎಂದು ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದರು. ಮೇಷ್ಟ್ರುಗಳು ಬೆಂಚಿನ ಮುಂದೆ ಸಾಲು ನಿಂತು ಗೀಟು ಹಾಕಿಸಿಕೊಳ್ಳುತ್ತಿದ್ದರು. ಹೆಡ್ ಕ್ಲರ್ಕ್ ಹಾಯುವಾಗ, "ಏನು ಟೀಚರ್, ಇವತ್ತು ಸಾರ್ವಜನಿಕರೋ?" ಎನ್ನುತ್ತಿದ್ದರು. "ಹೌದು ಸಾರ್, ದೂರು ಕೊಡೋಕೆ ಬಂದಿದೀನಿ" ಎನ್ನುತ್ತಿದ್ದರು ಇವರು.

ಆರನೆಯ ವರ್ಷ ಹುಳದ ಮೇಷ್ಟ್ರು ಬಂದರು. ನನಗೆ ಮಗನ ವಯಸ್ಸು. ಮಾತು ಬಾಯಲ್ಲೇ ತೊದಲುತ್ತಿತ್ತು, ಆದರೆ ನನ್ನನ್ನು ಅಮ್ಮಾ ಎಂದು ಕರೆದ ಮೊದಲ ಮೇಷ್ಟ್ರು ಅವರೇ. ಕಾಳಿನ ಮೂಟೆಯೊಳಗೆ ತೂತು ಕೊರೆಯುವ ಹುಳ ಅವರ ವಿಷಯ. ಟೀಚರ್ ಅವರ ಹಿಂದೆ ತಿಂಗಳುಗಟ್ಟಲೆ ಬಿದ್ದರು. ತೊದಲಿದರೆ ತೊದಲಲಿ ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತು ಕೇಳುತ್ತಿದ್ದರು, ನೋಡಿದರೆ ಅವರಿಗೆ ಇನ್ನೂ ತೊದಲುತ್ತದೆ ಎಂದು. ಕೊನೆಗೆ ನನಗೆ ಅರ್ಥವಾದದ್ದು ಇಷ್ಟು: ಹೆಣ್ಣು ಹುಳ ಒಂದು ಕಾಳಿನಲ್ಲಿ ಮೊಟ್ಟೆಯಿಟ್ಟರೆ ಅದರ ಮೇಲೆ ಒಂದು ವಾಸನೆ ಬಿಟ್ಟು ಹೋಗುತ್ತದೆ, ಇನ್ನೊಂದು ಹುಳ ಅಲ್ಲಿ ಇಡುವುದಿಲ್ಲ. ಆ ವಾಸನೆ ಹಿಡಿದು ಇಡೀ ಮೂಟೆಗೆ ಹಾಕಿದರೆ?

"ಎಲ್ಲಾ ಮನೆ ಮುಂದೂ ಬಾಡಿಗೆಗೆ ಇಲ್ಲ ಅಂತ ಬೋರ್ಡ್ ತಗುಲಿಸಿದ ಹಾಗೆ" ಎಂದೆ ನಾನು.

ಟೀಚರ್ ಮೇಜು ತಟ್ಟಿ ನಕ್ಕರು. ಅದನ್ನೇ ಮೊದಲ ಸಾಲು ಮಾಡಿ ಎಂದರು. ಮೇಷ್ಟ್ರು ಒಪ್ಪಲಿಲ್ಲ, ವಿಜ್ಞಾನದಲ್ಲಿ ಹಾಗೆಲ್ಲ ಬರೆಯುವುದಿಲ್ಲವಂತೆ.

ಅವರ ಮೊದಲ ಅರ್ಜಿ ಬಿದ್ದುಹೋಯಿತು. ಓದಿದ ಪರಿಶೀಲಕರು, ಈತ ಏನೂ ಎಡವುವುದಿಲ್ಲ ಎಂದು ನಂಬಿದ್ದಾನೆ ಎಂದು ಬರೆದಿದ್ದರಂತೆ. 'ಆಗದೇ ಹೋದರೆ' ಪುಟವನ್ನು ಅವರು ಟೀಚರಿಗೆ ತೋರಿಸದೆ, ಎರಡು ಸಾಲು ಗೀಚಿ ಕಳಿಸಿದ್ದರು. ಟೀಚರ್ ಬೈಯಲಿಲ್ಲ. ಇವತ್ತು ಆ ಪರಿಶೀಲಕರನ್ನು ಬೈದುಕೊಳ್ಳಿ, ನಾಳೆ ನಿದ್ದೆ ಮಾಡಿ, ನಾಡಿದ್ದು ಬನ್ನಿ ಎಂದರು. ಎರಡನೆಯ ಸಲ ಪ್ರಯತ್ನಿಸುವ ಹೊತ್ತಿಗೆ ಮೇಷ್ಟ್ರ ಐದನೆಯ ವರ್ಷ ಮುಗಿಯುತ್ತಿತ್ತು. ಅದೇ ಕೊನೆಯ ಅವಕಾಶ. ಟೀಚರಿಗೆ ಅದು ಹತ್ತನೆಯ ವರ್ಷ. ಹೊಸದಾಗಿ ಬಂದ ಕುಲಪತಿಗಳು, ಜೂನ್ ಸಮಿತಿಯಲ್ಲಿ ಈ ಹುದ್ದೆ ಕಾಯಂ ಮಾಡುವ ವಿಷಯ ಇಡುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದರು. ತಂದೆ ಆದೇಶಕ್ಕೆ ಚೌಕಟ್ಟು ಹಾಕಿಸಲು ಅಂಗಡಿ ವಿಚಾರಿಸಿ ಬಂದಿದ್ದರು.

ಮೇಷ್ಟ್ರ ಅರ್ಜಿಯೆಲ್ಲ ಮುಗಿದಿತ್ತು, ಆ ಒಂದು ಪುಟ ಬಿಟ್ಟು. ನಾಲ್ಕು ಸಲ ಬರೆದು ತಂದರು, ನಾಲ್ಕು ಸಲವೂ ಟೀಚರ್ ವಾಪಸು ಕೊಟ್ಟರು. "ಇದು ನಿಮ್ಮ ಭಯ ಅಲ್ಲ. ಯಾರದ್ದೋ ಭಯ. ಹೋಗಿ ಯೋಚನೆ ಮಾಡಿ."

ಕೊನೆಯ ದಿನ ಬ್ರೇಕ್ ದಿನವೇ ಬಿತ್ತು. ಬೆಂಚು ಒರೆಸಿ ಕಾಯುತ್ತಿದ್ದೆ. ಹತ್ತಾಯಿತು, ಹನ್ನೊಂದಾಯಿತು, ಟೀಚರ್ ಬರಲಿಲ್ಲ. ಅವರ ತಂದೆ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದಾರೆ ಎಂದು ಔಷಧಿ ಅಂಗಡಿಯವನು ಫೋನು ಮಾಡಿ ಹೇಳಿದ. ಸಂಜೆ ಐದಕ್ಕೆ ಮಂಡಳಿಯ ಬಾಗಿಲು ಮುಚ್ಚುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಹುಳದ ಮೇಷ್ಟ್ರು ಬಂದರು. ಅಂಗಿ ಒದ್ದೆಯಾಗಿತ್ತು, ಬೆವರಿಗೆ.

"ಅಮ್ಮಾ, ಆ ಬೀರು... ಹತ್ತೇ ನಿಮಿಷ. ಬೇರೆಯವರು ಆ ಪುಟ ಹ್ಯಾಗೆ ಬರೆದಿದ್ದಾರೆ ಅಂತ ನೋಡ್ತೀನಿ. ಇಲ್ಲೇ ಕೂತು ನೋಡ್ತೀನಿ."

ಬೀಗದ ಕೈ ಟೀಚರ್ ಹತ್ತಿರ ಇದೆ ಎಂದೆ. ಅವರು ನನ್ನ ಸೊಂಟದ ಗೊಂಚಲು ನೋಡಿದರು. ಹೆಂಡತಿ ಬಸುರಿ, ಈ ಕೆಲಸ ಹೋದರೆ ಎಲ್ಲಿಗೆ ಹೋಗಲಿ ಎಂದರು. ತೊದಲಲಿಲ್ಲ. ನಾನು ತೆಗೆದುಕೊಟ್ಟೆ. ಟೀಚರ್ ಇದ್ದರೂ ಕೂತು ಓದಲು ಬಿಡುತ್ತಿದ್ದರಲ್ಲ, ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ. ನೀರು ತುಂಬಿಸಲು ಹೋಗಿ ಬಂದಾಗ ಅವರು ಫೋನು ಜೇಬಿಗೆ ಇಳಿಸುತ್ತಿದ್ದರು. ಮೇಜಿನ ಮೇಲೆ ಬಾವಿ ಮೇಡಂ ಅರ್ಜಿ ಬಿಚ್ಚಿಕೊಂಡು ಬಿದ್ದಿತ್ತು. ನಾನು ನೋಡಿದೆ. ನೋಡಲಿಲ್ಲ ಎಂಬಂತೆ ಹೂಜಿ ಇಟ್ಟೆ.

ಮೇ ತಿಂಗಳಲ್ಲಿ ಮಂಡಳಿಯಿಂದ ಕಾಗದ ಬಂತು. ಹೆಡ್ ಕ್ಲರ್ಕ್ ಅದನ್ನು ಓದಿ ಮೊದಲು ನಕ್ಕರು, ಆಮೇಲೆ ಬಾಗಿಲು ಹಾಕಿಕೊಂಡರು. ಮೇಷ್ಟ್ರು ಬಾವಿ ಮೇಡಂ ಪುಟವನ್ನು ಇದ್ದದ್ದು ಇದ್ದ ಹಾಗೇ ಎತ್ತಿ ಹಾಕಿದ್ದರು. ನೀರು ಎಂದಿದ್ದಲ್ಲೆಲ್ಲ ಕಾಳು ಎಂದು ಬದಲಾಯಿಸಿದ್ದರು, ಹಳ್ಳಿ ಎಂದಿದ್ದಲ್ಲಿ ಗೋದಾಮು ಎಂದು. ಅವಸರದಲ್ಲಿ ಒಂದು ಸಾಲು ಕಣ್ತಪ್ಪಿತ್ತು. 'ಬೇಸಿಗೆಯಲ್ಲಿ ಬಾವಿ ಬತ್ತಿದರೆ ಪಕ್ಕದ ಗೋದಾಮಿನ ಬಾವಿಯಿಂದ ಕಾಳು ತೆಗೆಯಲಾಗುವುದು.' ಅದನ್ನು ಓದಿದ ಪರಿಶೀಲಕರು ದುರದೃಷ್ಟಕ್ಕೆ ಹಿಂದೆ ಬಾವಿ ಮೇಡಂ ಅರ್ಜಿಯನ್ನೂ ಓದಿದವರು. ಕಾಳಿನ ಹುಳಕ್ಕೆ ಬಾವಿ ಯಾಕೆ ಬೇಕು ಎಂದು ಕೇಳಿದ್ದರು. ಹದಿನೈದು ದಿನದಲ್ಲಿ ವಿವರಣೆ ಕೊಡದಿದ್ದರೆ ಈ ವಿಶ್ವವಿದ್ಯಾಲಯದ ಯಾರ ಅರ್ಜಿಯನ್ನೂ ಮೂರು ವರ್ಷ ಮುಟ್ಟುವುದಿಲ್ಲ ಎಂದೂ ಬರೆದಿತ್ತು.

ಮೂವರ ವಿಚಾರಣಾ ಸಮಿತಿ ಆಯಿತು. ಅದರ ಹಿಂದಿನ ದಿನ ಮೇಷ್ಟ್ರು ಚಹಾ ಕೋಣೆಗೆ ಬಂದು ನನ್ನ ಮುಂದೆ ನಿಂತರು. ನಿಮ್ಮ ಹೆಸರು ನಾನು ಎಲ್ಲೂ ಎತ್ತಲ್ಲ ಅಮ್ಮಾ ಎಂದರು. ಅದರ ಇನ್ನರ್ಧ ಮಾತು ಅವರು ಆಡಲಿಲ್ಲ, ಬೇಕಾಗಲೂ ಇಲ್ಲ. ನನಗೆ ಪಿಂಚಣಿಗೆ ಇನ್ನು ನಾಲ್ಕು ವರ್ಷವಿತ್ತು. ಅದೇ ಸಂಜೆ ಟೀಚರ್ ಬೀರುವಿನ ಮುಂದೆ ನಿಂತು ಕೇಳಿದರು.

"ಅಕ್ಕಾ, ಆವತ್ತು ಇದನ್ನ ಯಾರಾದರೂ ತೆಗೆದಿದ್ದರಾ?"

"ಇಲ್ಲ ಟೀಚರ್."

ಅವರು ಬೀರುವಿನ ಹಿಡಿ ಒರೆಸಿದರು, ಧೂಳಿರಲಿಲ್ಲ. ಸರಿ ಎಂದರು.

ವಿಚಾರಣೆ ದೊಡ್ಡ ಕೋಣೆಯಲ್ಲಿ. ನೀರಿನ ಲೋಟಗಳ ಟ್ರೇ ಹಿಡಿದು ಬಾಗಿಲ ಬಳಿ ನಿಲ್ಲುವುದು ನನ್ನ ಕೆಲಸ. ಮೇಷ್ಟ್ರನ್ನು ಕೇಳಿದರು. ಪುಟ ವಿಭಾಗದಿಂದ ಮಾದರಿಯಾಗಿ ಸಿಕ್ಕಿತ್ತು ಎಂದರು. ಎಷ್ಟು ಅಚ್ಚುಕಟ್ಟಾದ ಮಾತು. ಸುಳ್ಳು ಎಂದು ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಟೀಚರನ್ನು ಕೇಳಿದಾಗ, ಆ ದಿನ ನಾನು ಆಸ್ಪತ್ರೆಯಲ್ಲಿದ್ದೆ ಎಂದರು. ಹಾಗಾದರೆ ಬೀಗದ ಕೈ ಎಲ್ಲಿತ್ತು? ನನ್ನ ಚೀಲದಲ್ಲಿ. ಆ ದಿನ ನೀವು ಸೇವೆಯಲ್ಲಿ ಇದ್ದಿರಾ? ಇಲ್ಲ, ಬ್ರೇಕ್ ಇತ್ತು. ಸೇವೆಯಲ್ಲಿ ಇಲ್ಲದ ದಿನ ಕಚೇರಿಯ ಕೈ ನಿಮ್ಮ ಚೀಲದಲ್ಲಿ ಯಾಕಿತ್ತು? ಇಷ್ಟು ವರ್ಷ ಅದೇ ಬ್ರೇಕ್ ದಿನ ಬೆಂಚಿನ ಮೇಲೆ ಕೂತು ಅವರದ್ದೇ ಕೆಲಸ ಮಾಡಿದ್ದನ್ನು ಕಂಡ ಮೂವರೂ ಒಂದೇ ಮುಖ ಮಾಡಿಕೊಂಡು ಕಾದರು. ಕೊನೆಗೆ ನಡುವಿನವರು ಕೇಳಿದರು, ಬೀರುವಿಗೆ ಇನ್ನೊಂದು ಕೈ ಇದೆಯೇ?

ಟೀಚರ್ ತಿರುಗಿ ನನ್ನನ್ನು ನೋಡಿದರು. ಎಷ್ಟು ಹೊತ್ತು ಎಂದರೆ, ಕಾರ್ಯದರ್ಶಿ ಬರೆಯುವುದು ನಿಲ್ಲಿಸಿ ತಲೆಯೆತ್ತಿ ನೋಡುವಷ್ಟು ಹೊತ್ತು. ಆಮೇಲೆ ಸಮಿತಿಯ ಕಡೆ ತಿರುಗಿ, "ಇಲ್ಲ" ಎಂದರು.

ನಾನು ಲೋಟಗಳನ್ನು ಸಾಲಾಗಿ ಇಟ್ಟು ಹೊರಗೆ ಬಂದೆ.

ಜೂನ್ ಸಮಿತಿಯ ಮುಂದೆ ಹುದ್ದೆಯ ವಿಷಯ ಬರಲೇ ಇಲ್ಲ. ಗುತ್ತಿಗೆ ರದ್ದಾಗಿದೆ ಎಂದು ಒಂದೂವರೆ ಸಾಲಿನ ಕಾಗದ ಬಂತು, ಹೆಸರು ಕೈಯಲ್ಲಿ ತುಂಬಿಸಿದ್ದು. ಮೇಷ್ಟ್ರಿಗೆ ಒಂದು ಎಚ್ಚರಿಕೆ ಪತ್ರ, ಒಂದು ವರ್ಷ ಹೆಚ್ಚುವರಿ ಗಡುವು. ಮಂಡಳಿಗೆ, ಸಂಬಂಧಪಟ್ಟ ತಾತ್ಕಾಲಿಕ ಸಿಬ್ಬಂದಿಯನ್ನು ತೆಗೆದಿದ್ದೇವೆ ಎಂದು ಬರೆದರು. ಮಂಡಳಿಗೂ ತೃಪ್ತಿಯಾಯಿತು. ಟೀಚರ್ ಎರಡು ಚೀಲದಲ್ಲಿ ಹತ್ತು ವರ್ಷ ತುಂಬಿಕೊಂಡು ಹೋದರು. ರಟ್ಟಿನ ಹೆಸರನ್ನು ನಾನೇ ಕಿತ್ತೆ, ಗೋಡೆಗೆ ಅಂಟು ಉಳಿಯಿತು, ಬಿಸಿನೀರು ಹಾಕಿ ಉಜ್ಜಬೇಕಾಯಿತು.

ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆ ಎಂದು ಕೇಳಿದರೆ ಹೇಳಲಾರೆ. ಹೋಗದೆ ಇರಲೂ ಆಗುತ್ತಿರಲಿಲ್ಲ. ಅವರು ಒಂದು ಅಚ್ಚುಕೂಟಕ್ಕೆ ಜಾಹೀರಾತಿನ ಕರಪತ್ರ ತಿದ್ದಿಕೊಡುತ್ತಿದ್ದರು. ತಂದೆ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಆದೇಶದ ವಿಷಯ ಕೇಳುತ್ತಿರಲಿಲ್ಲ. ಸುದ್ದಿ ತಿಳಿದ ದಿನ ಅವರು ಮಗಳಿಗೆ ಹೇಳಿದ್ದು ಒಂದೇ ಮಾತಂತೆ, "ನಿನ್ನ ಕೈಯಿಂದ ಹಾಳೆ ಹೊರಗೆ ಹೋಯ್ತು." ಅಲ್ಲ ಅಪ್ಪ ಎಂದು ಇವರು ಹೇಳಿದರಂತೆ. ಹಾಗಾದರೆ ಯಾರ ಕೈಯಿಂದ ಎಂದು ಕೇಳಿದರಂತೆ. ಇವರು ಔಷಧಿ ತರಲು ಕೆಳಗೆ ಇಳಿದರಂತೆ. ಅಲ್ಲಿಂದ ಮುಂದೆ ಊಟ, ಔಷಧಿ, ಕಿಟಕಿ ಹಾಕು, ಇಷ್ಟೇ ಆ ಮನೆಯ ಮಾತು. ಇದನ್ನೆಲ್ಲ ಟೀಚರ್ ನನ್ನ ಮುಂದೆ, ಕರಪತ್ರದಿಂದ ಕಣ್ಣೆತ್ತದೆ, ಬೇರೆ ಯಾರದ್ದೋ ಮನೆಯ ಸುದ್ದಿಯೆಂಬಂತೆ ಹೇಳಿದರು. ನಾನು ಚಹಾ ಕುಡಿದು ಲೋಟ ತೊಳೆದಿಟ್ಟು ಬಂದೆ.

ನನ್ನ ಕೊನೆಯ ವರ್ಷದಲ್ಲಿ ವಿಭಾಗದಲ್ಲಿ ಹೊಸ ಮೇಷ್ಟ್ರುಗಳಿಗೆ ಎರಡು ದಿನದ ಶಿಬಿರ ನಡೆಯಿತು: ಗೆಲ್ಲುವ ಅರ್ಜಿ ಬರೆಯುವುದು ಹೇಗೆ. ಹೇಳಿಕೊಡುವವರು ಹುಳದ ಮೇಷ್ಟ್ರು. ಅವರಿಗೆ ಪ್ರಾಜೆಕ್ಟ್ ಸಿಕ್ಕಿ, ಎರಡನೆಯದೂ ಸಿಕ್ಕಿ, ಈಗ ಸಂಶೋಧನಾ ಸಂಯೋಜಕರು. ತೊದಲು ಬಿಟ್ಟುಹೋಗಿತ್ತು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಆಗದೇ ಹೋದರೆ' ಎಂದು ಬಂತು. ಇದು ನಾನು ರೂಢಿಸಿಕೊಂಡ ಪದ್ಧತಿ ಎಂದರು. ಆಮೇಲೆ ತಮ್ಮ ಹುಳದ ವಿಷಯ ಸರಳವಾಗಿ ಹೇಳುವುದು ಹೇಗೆ ಎಂದು ತೋರಿಸಲು, "ಎಲ್ಲಾ ಮನೆ ಮುಂದೆ ಬಾಡಿಗೆಗೆ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ" ಎಂದರು. ಹುಡುಗ ಹುಡುಗಿಯರು ನಕ್ಕು ಬರೆದುಕೊಂಡರು. ನಾನು ಹಿಂದೆ ನಿಂತು ಬಿಸ್ಕತ್ತಿನ ತಟ್ಟೆ ಜೋಡಿಸುತ್ತಿದ್ದೆ. ಅವರ ಕಣ್ಣು ನನ್ನ ಮೇಲೆ ಬಿತ್ತು, ಮುಂದಿನ ಚಿತ್ರಕ್ಕೆ ಹೋದರು. ಅವರನ್ನು ಬೈಯಲು ನನಗೆ ಬಾಯಿಯಿರಲಿಲ್ಲ. ಇಬ್ಬರೂ ಒಂದೇ ಬೀರುವಿನಿಂದ ತಿಂದವರು.

ಪಿಂಚಣಿಯ ಕಾಗದ ನನ್ನ ಕೈಗೆ ಬಂದದ್ದು ಆಗಸ್ಟಿನಲ್ಲಿ. ಆ ವಾರವೇ ಟೀಚರ್ ಆಸ್ಪತ್ರೆ ಸೇರಿದ್ದಾರೆಂದು ತಿಳಿಯಿತು, ಹೊಟ್ಟೆಯೊಳಗೆ ಗಡ್ಡೆ, ಕೊಯ್ಯುವ ಹಂತ ದಾಟಿತ್ತು. ನಾಲ್ಕು ಗಂಟೆಗೆ ನೋಡಲು ಬಿಡುತ್ತಾರೆ. ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ. ಕೈಯಲ್ಲಿ ಸೂಜಿ, ಕನ್ನಡಕವಿಲ್ಲದೆ ಮುಖ ಸಣ್ಣಗಾಗಿತ್ತು. ಸ್ಟೂಲಿನ ಮೇಲೆ ಕೂತೆ. ಪಕ್ಕದ ಮಂಚದವಳ ಸೊಸೆ ಕಿತ್ತಳೆ ಸುಲಿಯುತ್ತಿದ್ದಳು. ಅವಳು ಹೊರಗೆ ಹೋಗಲಿ ಎಂದು ಕಾದೆ. ಹೋಗಲಿಲ್ಲ. ಹಾಗೇ ಹೇಳಿದೆ.

"ಟೀಚರ್, ಆವತ್ತು ಬೀರು ತೆಗೆದಿದ್ದು ನಾನು."

"ಗೊತ್ತು ಅಕ್ಕಾ" ಎಂದರು.

ಗೊತ್ತಿದ್ದೂ ಇನ್ನೊಂದು ಕೈ ಇಲ್ಲ ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ. ನನ್ನ ಮೇಲಿನ ಪ್ರೀತಿಗೆ ಎನ್ನುತ್ತಾರೆ ಎಂದು ನಾಲ್ಕು ವರ್ಷ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಆ ಒಂದು ಮಾತಿನ ಆಸರೆಯಲ್ಲೇ ಅವರ ಮನೆಯ ಚಹಾ ನನ್ನ ಗಂಟಲಲ್ಲಿ ಇಳಿಯುತ್ತಿತ್ತು.

"ನಾನು ಇಲ್ಲ ಅಂದರೆ ನೀವು ಇದೆ ಅಂತೀರಿ ಅಂದ್ಕೊಂಡೆ" ಎಂದರು. "ನಾನೇ ನಿಮ್ಮ ಹೆಸರು ಹೇಳಿದ್ದರೆ ನಿಮ್ಮ ಮೇಲೆ ಹಾಕಿ ತಪ್ಪಿಸಿಕೊಂಡಳು ಅನ್ನೋರು. ನೀವೇ ಹೇಳಬೇಕಿತ್ತು. ಕಾದೆ. ನೀವು ನೀರು ಇಟ್ಟು ಹೋದಿರಿ."

ಅಳು ಬಂತು, ಅದು ಅಲ್ಲಿ ಸಲ್ಲದು ಎಂದು ನುಂಗಿದೆ. ಅವರೂ ಸಮಾಧಾನ ಹೇಳಲಿಲ್ಲ. ನರ್ಸು ಬಂದು ಬಾಟಲಿ ಬದಲಾಯಿಸಿ ಹೋದಳು. ಈಗ ನಾನು ಏನು ಮಾಡಲಿ ಹೇಳಿ, ಕುಲಪತಿಗಳ ಹತ್ತಿರ ಹೋಗಲೇ, ಮೇಷ್ಟ್ರ ಮುಖಕ್ಕೇ ಹೇಳಲೇ ಎಂದೆ. ಅವರು ತಲೆಯಾಡಿಸಿದರು, ಅವರು ಯಾರೂ ಬೇಡ ಎನ್ನುವ ಹಾಗೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ನಿದ್ದೆ ಬಂತೆಂದು ನಾನು ಏಳಲು ಹೊರಟೆ. ಆಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಮ್ಮಪ್ಪನ ಹತ್ತಿರ ಹೋಗಿ ಹೇಳಿ ಅಕ್ಕಾ, ನನ್ನ ಕೈಯಿಂದ ಹೋಗಲಿಲ್ಲ ಅಂತ. ಇವತ್ತೇ ಹೋಗಿ. ಅವರಿಗೀಗ ಕಿವಿ ತೀರಾ ಮಂದ ಆಗಿದೆ, ಮೆತ್ತಗೆ ಹೇಳಿದರೆ ಕೇಳ್ಸಲ್ಲ. ಕೆಳಗೆ ಅಂಗಡಿಯವರಿಗೆ, ಬೀದಿಯವರಿಗೆ ಎಲ್ಲಾ ಕೇಳ್ಸುತ್ತೆ. ಕೇಳಿಸಲಿ. ಅವರಿಗೆ ಕೇಳಿಸೋ ತನಕ ಕೂಗಿ ಹೇಳಿ."